ಪೈಲ್ವಾನನ ಕೆನ್ನೆಗೆ ಬಿದ್ದ ಏಟು

"ಥೂ! ನಾಚಿಕೆ ಆಗಲ್ವಾ ನಿಮಗೆ?"

ಮಾತಿನ ಜೊತೆಗೇ ಏಟೂ ಬಿತ್ತು. ಪೈಲ್ವಾನ ಕೆನ್ನೆ ಹಿಡಿದುಕೊಂಡು ನಿಂತ. ಇಡೀ ಹಾಲ್ ತಿರುಗಿ ನೋಡಿತು!

ಹೊಡೆದವಳು ಮೆಣಸಿನಕಾಯಿ. ಬಾಕ್ಸಿಂಗ್‌ನಲ್ಲಿ ಅವಳ ಗುದ್ದು ತಿಂದವರು ಇಟ್ಟ ಹೆಸರದು. ಬಾಕ್ಸಿಂಗಿಗೆ ಕುಸ್ತಿ ಬೆರೆಸಿದ ಹೊಸ ಆಟದ ಹುಚ್ಚು ಈಗ ಎಲ್ಲೆಲ್ಲೂ ಹಬ್ಬಿತ್ತು. ಬಣಗುಡುತ್ತಿದ್ದ ಅವಳ ಕ್ಲಬ್ಬಿನಲ್ಲೂ ರಿಂಗಿನ ಪಕ್ಕ ಮ್ಯಾಟ್ ಹಾಸಿ, ಕುಸ್ತಿ ಕಲಿಸಲು ಈ ಪೈಲ್ವಾನನನ್ನು ಕರೆಸಿದ್ದರು. ಅಂದು ಅವಳಿಗೆ ಮೊದಲ ಪಾಠ.

"ನನ್ನ ಕುತ್ತಿಗೆ ಹಿಡೀರಿ, ನೋಡೋಣ" ಎಂದಿದ್ದ.

ಹಿಡಿದಳು. ಹಿಡಿದರೆ ಉಡದ ಪಟ್ಟು! ಸ್ವಲ್ಪ ಹೊತ್ತಿಗೆ ಅವನ ಕೈ ಅವಳ ಸೊಂಟವನ್ನು ಪಟಪಟನೆ ತಟ್ಟಿತು. ಅವಳ ಮೈಯೆಲ್ಲ ಉರಿದುಹೋಯಿತು. ಬಿಟ್ಟವಳೇ ಬಾರಿಸಿದಳು.

ಅವನು ಏನೋ ಹೇಳಲು ಬಾಯಿ ತೆರೆದ. ಸುತ್ತ ನಿಂತವರನ್ನು ಕಂಡು ಮುಚ್ಚಿಕೊಂಡ. ಸುಮ್ಮನೆ ಹೊರಟೇ ಹೋದ. "ಇನ್ನು ಬರಬೇಡಪ್ಪ" ಎಂದು ಕ್ಲಬ್ಬಿನ ಯಜಮಾನರು ಅಂದೇ ಫೋನ್ ಮಾಡಿ ಹೇಳಿಬಿಟ್ಟರು.

ಮುಂದಿನ ವಾರ ಹೊಸ ಮೇಷ್ಟ್ರು ಬಂದರು.

"ಮೊದಲು ಇದನ್ನ ಕಲೀರಿ. ಉಸಿರು ಕಟ್ಟಿದಾಗ ಮಾತು ಹೊರಡಲ್ಲ. ಹಿಡಿದವರ ಮೈ ಮೇಲೆ ಕೈಗೆ ಸಿಕ್ಕ ಕಡೆ ಪಟಪಟ ತಟ್ಟಬೇಕು. ಸೋತೆ, ಬಿಟ್ಟುಬಿಡಿ ಅಂತ ಅರ್ಥ."

ಅವಳ ಕೈ ತಾನಾಗಿ ತನ್ನ ಸೊಂಟಕ್ಕೆ ಹೋಯಿತು. ಬಾಕ್ಸಿಂಗ್ ಬಿಟ್ಟು ಬೇರೇನೂ ಅರಿಯದವಳಿಗೆ ಇದನ್ನು ಯಾರು ಹೇಳಿದ್ದರು?

'ಅಯ್ಯೋ ದೇವರೇ... ಉಸಿರಿಗೆ ಒದ್ದಾಡ್ತಿದ್ದವನ ಮಾನ ಕಳೆದೆನಲ್ಲ!'

ಮನೆಯಲ್ಲಿ ಅಕ್ಕನ ಎದುರು ಎಲ್ಲ ಕಕ್ಕಿಬಿಟ್ಟಳು.

"ಊಟ ಬಿಟ್ಟು ಗೋಡೆ ನೋಡ್ತಾ ಕೂತ್ರೆ ಆಯ್ತೇನೆ? ಬೈದಿದ್ದು ಎಲ್ಲರ ಮುಂದೆ ತಾನೇ? ತಪ್ಪಾಯ್ತು ಅನ್ನೋದನ್ನೂ ಎಲ್ಲರ ಮುಂದೆಯೇ ಹೇಳು" ಎಂದಳು ಅಕ್ಕ.

ಹೇಳಿದಳು. ಕ್ಲಬ್ಬಿನಲ್ಲಿ ಎಲ್ಲರನ್ನೂ ನಿಲ್ಲಿಸಿ, ಕಣ್ಣು ಮೇಲೆತ್ತಲಾಗದೆ, ನಡೆದದ್ದನ್ನೆಲ್ಲ ಹೇಳಿದಳು. ಯಜಮಾನರೂ ಮುಖ ಸಣ್ಣದು ಮಾಡಿಕೊಂಡು, "ಅವನನ್ನ ಕರ್ಕೊಂಡು ಬಾಮ್ಮ" ಎಂದರು. ಆದರೆ ಅವನು ಬರುತ್ತಾನೆಯೇ? ಯಾವ ಮುಖ ಹೊತ್ತು ಕರೆಯುವುದು?

ಅವನೀಗ ಹಾಸಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ವಿಚಾರಿಸಿಕೊಂಡು ಅಲ್ಲಿಗೇ ಹೋದಳು. ಹಾಸಿಗೆ ಹೊತ್ತು ಮೆಟ್ಟಿಲಿಳಿಯುತ್ತಿದ್ದವನು ಅವಳನ್ನು ಕಂಡು ನಿಂತ.

"ಇನ್ನೊಂದು ಕೊಡೋಕೆ ಬಂದ್ರಾ? ತಾಳಿ, ಇದನ್ನ ಇಳಿಸಿಬಿಡ್ತೀನಿ."

ನಗಬೇಕೆಂದುಕೊಂಡವಳಿಗೆ ಅಳುವೇ ಬಂತು. "ತಪ್ಪಾಯ್ತು ರೀ... ಎಲ್ಲರ ಮುಂದೆ ಹೇಳಿ ಬಂದೆ. ಯಜಮಾನರು ಕರೀತಿದ್ದಾರೆ. ನಿಮಗೆ ಮುಖ ತೋರಿಸೋಕೂ ನಾಚಿಕೆ ಆಗ್ತಿದೆ ನಂಗೆ."

"ನಿಮಗೆ ಹಾಗನ್ನಿಸಿದ ಮೇಲೆ ಹೊಡೆದಿದ್ದು ಸರೀನೇ. ತಟ್ಟೋದು ಯಾಕೆ ಅಂತ ನಾನು ಮೊದಲೇ ಹೇಳಿಕೊಡಬೇಕಿತ್ತು. ಹೊಸಬಳು, ಏನು ಮಹಾ ಹಿಡೀತಾಳೆ ಅಂದ್ಕೊಂಡೆ."

"ಆಮೇಲಾದ್ರೂ ಹೇಳಬಹುದಿತ್ತಲ್ಲ?"

ಅವನು ತಲೆ ತಗ್ಗಿಸಿದ. "ಹೇಳಿದ್ರೆ, ಹೊಸ ಹುಡುಗಿ ಕೈಲಿ ಸೋತೆ ಅಂತ ಒಪ್ಪಿಕೊಳ್ಳಬೇಕಿತ್ತು. ಆ ಜಂಬಕ್ಕೆ ಸುಮ್ಮನಾದೆ, ಕೆಲಸಾನೂ ಹೋಯ್ತು. ಆದ್ರೆ ನೀವು ನನ್ನನ್ನ ಅಂಥವನು ಅಂದ್ಕೊಂಡ್ರಲ್ಲ... ಅದಕ್ಕೇ ನಿದ್ದೆ ಹತ್ತಲಿಲ್ಲ."

"ನನಗೂ ನಿದ್ದೆ ಇಲ್ಲ."

"ಹಾಸಿಗೆ ತೋರಿಸ್ಲಾ?"

ಅಳುತ್ತಿದ್ದವಳು ಕಿಸಕ್ಕನೆ ನಕ್ಕುಬಿಟ್ಟಳು. ಇಂಥ ಮನುಷ್ಯನಿಗೆ ಕೈ ಎತ್ತಿದೆನಲ್ಲ ಎಂದು ಮತ್ತೆ ಎದೆ ಹಿಂಡಿತು. ಅದರ ಜೊತೆ ಇನ್ನೇನೋ ಸೇರಿಕೊಂಡಿತ್ತು. ಅದೇನೆಂದು ಅವಳಿಗೆ ಗೊತ್ತಾಗದೆ ಇರಲಿಲ್ಲ.

"ಬರ್ತೀರಾ?"

"ಬರೋಕೆ ಆಸೆ ಇದೆ. ಒಳಗೆ ಕಾಲಿಟ್ಟ ತಕ್ಷಣ ಎಲ್ಲರೂ ತಿರುಗಿ ನೋಡ್ತಾರಲ್ಲ, ಅದೇ ಕಷ್ಟ."

"ನಾನು ನಿಮ್ಮ ಜೊತೇಲೇ ಬರ್ತೀನಿ."

"ಜೊತೇಲಾ?! ಜನ ಏನಂದ್ಕೊಳ್ತಾರೆ?"

"ಅಂದ್ಕೊಳ್ಳಲಿ ಬಿಡಿ." ಅವಳ ದನಿ ತೀರಾ ಸಣ್ಣದಾಯಿತು. "ಈ ಸಲ ಅವರು ಅಂದ್ಕೊಳ್ಳೋದು ನಿಜಾನೇ ಆಗಿರುತ್ತೆ."

ಅವನು ಹಾಸಿಗೆಯನ್ನು ಗೋಡೆಗೆ ಒರಗಿಸಿದ. ಎರಡು ಸಲ ಜಾರಿತು.

"ಹಾಗಾದ್ರೆ... ಈಗಲೇ ಹೋಗೋಣ್ವಾ?"