ಬುಡ್ಡೇಸಾಬನ ಹಲ್ಲಿನ ಸರ

ನಿಜಾಮರ ಕಾಲದ ಫಸಲಿ ೧೩೫೨, ಬಹಮನ್ ತಿಂಗಳ ಹನ್ನೊಂದು, ಬೆಳಿಗ್ಗೆ ಒಂಬತ್ತು ಗಂಟೆ. ದವಾಖಾನೆಯ ಕಂಪೌಂಡರ್ ವಿರೂಪಾಕ್ಷಪ್ಪ ಮಸ್ಕಿ ಠಾಣೆಗೆ ಫಿರ್ಯಾದಿ ತಂದ. ಬಿಳಿ ಕೋಟು, ಎಣ್ಣೆ ಹಚ್ಚಿ ಬಾಚಿದ ಕ್ರಾಪು, ಊರಿನ ಆಯುಷ್ಯವೆಲ್ಲ ತನ್ನ ಸೀಸೆಯಲ್ಲೇ ಇದೆಯೆಂಬ ಗತ್ತು. ಸಂತೆಯಲ್ಲಿ ಹಲ್ಲು ಕೀಳುವ ಬುಡ್ಡೇಸಾಬ್ ಮೊನ್ನೆ ಸಂತೆಕಲ್ಲೂರಿನ ಪಕೀರಮ್ಮನ ದವಡೆ ಹಲ್ಲು ಕಿತ್ತನೆಂದೂ ರಕ್ತ ನಿಲ್ಲದೆ ಅವಳು ನಿನ್ನೆ ಸತ್ತಳೆಂದೂ ಬರೆಸಿದ. ಸಾಕ್ಷಿಗೆಂದು ಹಲ್ಲನ್ನೇ ಸೀಸೆಯಲ್ಲಿಟ್ಟು ತಂದಿದ್ದ.

ಠಾಣೆಯ ಅಧಿಕಾರಿ ಅಮೀನ್ ಅಲ್ಲಾಭಕ್ಷ್ ಎಫ್‌ಐಆರ್ ದಾಖಲಿಸಿದರು. ಸಂತೆಯಲ್ಲಿ ನೆಲಕ್ಕೆ ಕೂತು ದುಡಿಯುವವರೆಂದರೆ ಅವರಿಗೆ ಕಾಲ ಕಸ. ಹತ್ತಕ್ಕೆಲ್ಲ ಬುಡ್ಡೇಸಾಬ್ ಲಾಕಪ್ಪಿನಲ್ಲಿದ್ದ.

"ಕಿತ್ತೀಯೇನಲೇ?"

"ಇಲ್ರಿ ಸಾಹೇಬ್ರ. ರಕ್ತ ಬೇಗ ನಿಲ್ತದೇನಂತ ನೋಡಾಕ ಕಿವಿಗೆ ಸೂಜಿ ಚುಚ್ಚಿ ತಸಬಿ ಮಣಿ ಎಣಿಸಿದೆ. ತೊಂಬತ್ತೊಂಬತ್ತು ಮಣಿ ಮುಗುದ್ರೂ ರಕ್ತ ನಿಲ್ಲಲಿಲ್ಲ. ಬ್ಯಾಡವ್ವಾ, ಮನಿಗೆ ಹೋಗು ಅಂದೆ."

"ಓಹೋ, ದೊಡ್ಡ ಡಾಕ್ಟ್ರ ಬಂದಾನ!" ಅಮೀನರು ನಕ್ಕು, ಅವನನ್ನು ಜೈಲಿಗೆ ಸಾಗಿಸುವ ಕಾಗದ ಬರೆಯಲು ಹೇಳಿದರು.

ಮಧ್ಯಾಹ್ನ ಎರಡಕ್ಕೆ ಸಂತೆಕಲ್ಲೂರಿನಲ್ಲಿ ಪಂಚನಾಮೆ. ಹೆಣದ ಎಡಗಿವಿಯಲ್ಲಿ ಸೂಜಿ ಗುರುತು, ಅದರ ಸುತ್ತ ನೀಲಿ. ತಾಯಿ ಜೋಗಮ್ಮ ಹೇಳಿದಳು: "ಬಾಯಿ ತುಂಬ ಅರಿವಿ ತುರುಕ್ಕೊಂಡು ಬಂಡ್ಯಾಗ ಬಂದ್ಳುರಿ. ಮಾತೇ ಇರಲಿಲ್ಲ."

ಜೊತೆಗೆ ಬಂದಿದ್ದ ಠಾಣೆಯ ಜವಾನ ಅಂಬಪ್ಪ ತಲೆ ಕೆರೆದುಕೊಂಡ. "ಸಾಹೇಬ್ರ, ಬುಡ್ಡೇಸಾಬ್ ಕಿತ್ತ ಹಲ್ಲು ಯಾರಿಗೂ ಕೊಡಂಗಿಲ್ರಿ. ಸರಕ್ಕ ಪೋಣಿಸಿ ಮುಂದ ಇಡ್ತಾನ, ಅದ ಅವನ ಬೋರ್ಡು. ಮತ್ತ ಈ ಹಲ್ಲು ಕಂಪೌಂಡರ್ ಕೈಗೆ ಹೆಂಗ ಬಂತು?"

ಜವಾನನಿಗೆ ಹೊಳೆದದ್ದು ತಮಗೆ ಹೊಳೆಯಲಿಲ್ಲವೆಂದು ಅಮೀನರಿಗೆ ಮೈ ಉರಿಯಿತು.

ಮರುದಿನ ಹನ್ನೊಂದಕ್ಕೆ ಲಿಂಗಸುಗೂರು; ಮಗಳನ್ನು ಹಿಂದೆ ಅಲ್ಲಿ ತೋರಿಸಿದ್ದೆನೆಂದು ಜೋಗಮ್ಮ ಹೇಳಿದ್ದಳು. ಅಲ್ಲಿನ ಡಾಕ್ಟರು ತಮ್ಮ ದಫ್ತರ ತೆಗೆದರು.

"ಪಕೀರಮ್ಮನ ರಕ್ತ ನಾನೇ ನೋಡೀನಿ. ರಕ್ತ ಹೆಪ್ಪುಗಟ್ಟಾಕ ಬೇಕಾದ ಪ್ಲೇಟ್‌ಲೆಟ್ ಕಣ ತೀರಾ ಕಡಿಮಿ ಇದ್ದವು. ಹಲ್ಲು ಕಿತ್ರ ಗಾಯ ಮಾಯೂದು ದೂರ, ಜೀವಾನ ಹೋಗ್ತದ. ಕೀಳಬ್ಯಾಡ ಅಂತ ನಿಮ್ಮ ಕಂಪೌಂಡರ್‌ಗೆ ಚೀಟಿ ಕಳಿಸಿದ್ದೆ."

ಸಂಜೆ ನಾಲ್ಕೂವರೆಗೆ ಮಸ್ಕಿ ದವಾಖಾನೆಯನ್ನೆಲ್ಲ ಜಾಲಾಡಿ ಝಡತಿ ನಡೆಯಿತು. ಚೀಟಿ ಮೇಜಿನ ಖಾನೆಯಲ್ಲಿತ್ತು, ರಕ್ತ ಒಣಗಿದ ಇಕ್ಕಳ ಅದರ ಮೇಲೆಯೇ ಇತ್ತು. ಗತ್ತಿಗೆ ಕೊರತೆಯಿಲ್ಲ, ಇಕ್ಕಳ ತೊಳೆಯುವಷ್ಟು ಬುದ್ಧಿಯಿಲ್ಲ. ಅಮೀನರು ವಿರೂಪಾಕ್ಷಪ್ಪನಿಗೆ ಕೈಕೋಳ ಹಾಕಿಸಿದರು.

"ಚೀಟಿ ಓದಿದ್ದಿಯೇನು?"

"ಓದಿದ್ದೆ."

"ಮತ್ತ್ಯಾಕ ಕಿತ್ತಿ?"

ವಿರೂಪಾಕ್ಷಪ್ಪ ನೆಲ ನೋಡಿದ. "ಬುಡ್ಡೇಸಾಬ್ ಒಲ್ಲೆ ಅಂದಾನ ಅಂತ ಅಳಕೋತ ಬಂದ್ಳುರಿ. ನಾನೂ ಒಲ್ಲೆ ಅಂದ್ರ ನನಗೂ ಆ ಸಂತಿ ಸಾಬಗೂ ಏನ್ರಿ ಫರಕು?"

ಠಾಣೆಗೆ ಬಂದು ಅಮೀನರು ಲಾಕಪ್ಪು ತೆಗೆಸಿದರು. ಬುಡ್ಡೇಸಾಬ್ ತಸಬಿ ಜೇಬಿಗಿಟ್ಟು ಸಲಾಮು ಹೊಡೆದು ಹೊರಟ. 'ತಪ್ಪಾಯಿತು' ಎಂಬ ಮಾತು ಅಮೀನರ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು.

ಬಾಗಿಲಲ್ಲಿ ಕೂತಿದ್ದ ಜೋಗಮ್ಮ ಕಣ್ಣೊರೆಸಿಕೊಂಡಳು. "ನನ್ನ ಮಗಳು ಬಿಳಿ ಕೋಟು ನೋಡಿ ನಂಬಿದ್ಳುರಿ. ಓದು ಬರಹ ಇಲ್ಲದಾಕಿ. ನೀವ್ಯಾಕ ನಂಬಿದ್ರಿ?"