ತಡವಾಗಿ ಬರುವ ನಗು

ಈ ಸೀನು ಆಗಲೇ ಮುಗಿದಿತ್ತಲ್ಲ?

ಬಟಾಣಿ ಕಣ್ಣುಜ್ಜಿಕೊಂಡು ಪರದೆ ನೋಡಿದಳು. ಕ್ರಿಸ್ಮಸ್ ರಜೆಗೆ ಹೊರಟ ದೊಡ್ಡ ಸಂಸಾರವೊಂದು ರೈಲು ಹತ್ತುತ್ತಿತ್ತು. ಟೋಪಿ ಹಾಕಿದ ಗೊಂಬೆಯನ್ನೂ ಮೊಮ್ಮಗನೆಂದೇ ಎಣಿಸಿದ ಅಜ್ಜಿ, "ಎಲ್ಲರೂ ಬಂದ್ರು, ಬಿಡಿ ರೈಲು!" ಅನ್ನುತ್ತಿದ್ದಳು. ನಿಜವಾದ ಮೊಮ್ಮಗ ಪ್ಲಾಟ್‌ಫಾರ್ಮಿನಲ್ಲೇ ಉಳಿದಿದ್ದ. ಇದಕ್ಕೆ ಹೊಟ್ಟೆ ಹಿಡಿದು ನಕ್ಕ ಮೇಲೇ ತಾನೇ ಅವಳು ಟಾಯ್ಲೆಟ್‌ಗೆ ಎದ್ದುಹೋದದ್ದು? ಸಿನಿಮಾ ಹಿಂದಕ್ಕೆ ಓಡುತ್ತದೆಯೇ?

"ಅಮ್ಮಾ, ಇದು ಆಗಲೇ ಬಂತಲ್ವಾ?" ಎಂದು ಪಕ್ಕದವರ ತೋಳು ಹಿಡಿದಳು.

"ನಾನು ನಿಮ್ಮಮ್ಮ ಅಲ್ಲ ಕಣಮ್ಮ," ಎಂದಿತು ಒಂದು ಗಂಡು ದನಿ.

ಬಟಾಣಿ ಹೊರಗೆ ಓಡಿದಳು. ಉದ್ದನೆಯ ಕಾರಿಡಾರ್. ಒಂದೇ ಥರದ ಮೂರು ಬಾಗಿಲು, ಮೂರಕ್ಕೂ ಅದೇ ಸಿನಿಮಾದ ಪೋಸ್ಟರ್. ಕತ್ತಲಲ್ಲಿ ಜನರಿಗೆ ಸೀಟು ತೋರಿಸುವ ಟಾರ್ಚ್ ಅಕ್ಕ ಅಲ್ಲಿ ನಿಂತಿದ್ದಳು.

"ಹಾಲ್ ತಪ್ಪಿತಾ? ಟಿಕೆಟ್ ಎಲ್ಲಿ?"

"ಅಪ್ಪನ ಹತ್ರ."

"ಅಪ್ಪನ ಫೋನ್ ನಂಬರ್?"

"ಗೊತ್ತು. ಆದ್ರೆ ಎಲ್ಲರ ಫೋನೂ ಆಫ್ ಮಾಡಿಸಿದ್ದು ನಾನೇ."

"ಭೇಷ್!" ಅಕ್ಕ ನಕ್ಕಳು. "ನೀನು ನುಗ್ಗಿದ್ದು ಎರಡನೇ ಹಾಲ್‌ಗೆ. ಅಲ್ಲಿ ತಡವಾಗಿ ಶುರುವಾಯ್ತು. ಒಂದು, ಮೂರು ಒಟ್ಟಿಗೇ ಶುರುವಾದವು. ನಿಮ್ಮೋರು ಆ ಎರಡರಲ್ಲೊಂದರಲ್ಲಿ ಇರ್ತಾರೆ."

"ಟಾರ್ಚ್ ಬಿಟ್ಟು ಎಲ್ಲರ ಮುಖ ನೋಡೋಣ."

"ಉಹೂಂ. ಟಾರ್ಚು ಕಾಲಿಗೆ ಮಾತ್ರ. ಹದಿನೈದು ವರ್ಷದಲ್ಲಿ ಒಬ್ಬರ ಮುಖಕ್ಕೂ ಬಿಟ್ಟಿಲ್ಲ. ನಾನು ಕಿವೀಲೇ ಹುಡುಕೋಳು. ನಿಮ್ಮನೇಲಿ ಜೋರಾಗಿ ಕೆಮ್ಮೋರು, ಗೊರಕೆ ಹೊಡೆಯೋರು ಯಾರಾದ್ರೂ ಇದ್ದಾರಾ?"

ಕಿವಿಯಿಂದ ಮನುಷ್ಯರನ್ನು ಹುಡುಕುವುದು! ಬಟಾಣಿಗೆ ಅಳು ಮರೆತೇಹೋಯಿತು.

"ನಮ್ಮ ದೊಡ್ಡಪ್ಪ ಇದ್ದಾರೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಒಬ್ಬರೇ ನಗ್ತಾರೆ. ನೀರು ಬರದ ನಲ್ಲಿ ಥರ."

"ಹಾಗಾದ್ರೆ ಸಿಕ್ಕೇಬಿಟ್ರು!"

ಬಟಾಣಿಯ ಮುಖ ಸಪ್ಪಗಾಯಿತು. "ಇವತ್ತು ನಗಲ್ಲ ಅಕ್ಕಾ. ನಾನೇ ಪ್ರಾಮಿಸ್ ಮಾಡಿಸಿದೀನಿ. ಹೋದ ಸಲ ಸಿನಿಮಾಕ್ಕೆ ಬಂದಿದ್ದ ನನ್ನ ಕ್ಲಾಸಿನವರೆಲ್ಲ ತಿರುಗಿ ತಿರುಗಿ ನೋಡಿದ್ರು."

ಟಾರ್ಚ್ ಅಕ್ಕ ಅವಳ ಕೈ ಹಿಡಿದುಕೊಂಡಳು. ಬೈದಿದ್ದರೇ ವಾಸಿಯಿತ್ತು.

ಇಬ್ಬರೂ ಒಂದನೇ ಬಾಗಿಲಿಗೆ ಕಿವಿಯಿಟ್ಟರು. ಒಳಗೆ ನಗು ಭೋರೆಂದಿತು, ನಿಂತಿತು. ಆಮೇಲೆ ಏನೂ ಇಲ್ಲ. ಮೂರನೇ ಬಾಗಿಲಿಗೆ ಬಂದರು. ಅಲ್ಲೂ ನಗು ಎದ್ದಿತು, ಅಲ್ಲೂ ನಿಂತಿತು. ದೊಡ್ಡಪ್ಪ ಕೊಟ್ಟ ಮಾತು ತಪ್ಪುವವರಲ್ಲ. ಎಲ್ಲೋ ಒಂದು ಕಡೆ ತುಟಿ ಕಚ್ಚಿಕೊಂಡು ಕೂತಿರುತ್ತಾರೆ.

"ನಗಿ ದೊಡ್ಡಪ್ಪಾ, ಒಂದೇ ಒಂದು ಸಲ," ಬಟಾಣಿ ಬಾಗಿಲಿಗೇ ಪಿಸುಗುಟ್ಟಿದಳು.

ಒಳಗೆ ರೈಲು ಕೂಗಿತು. ಯಾರೋ ಧಡಾರನೆ ಬಿದ್ದ ಸದ್ದು. ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ನಿಧಾನವಾಗಿ ಸುಮ್ಮನಾಯಿತು.

ಒಂದು. ಎರಡು. ಮೂರು.

"ಖ್ಹೀ... ಖ್ಹೀ... ಹ್ಹೋ!"

"ಅವರೇ!"

ಟಾರ್ಚ್ ಅಕ್ಕ ಸದ್ದಿಲ್ಲದೆ ಬಾಗಿಲು ಸರಿಸಿದಳು. ಅಂಗೈಯಗಲದ ಬೆಳಕು ನೆಲದ ಮೇಲೆ ಮುಂದೆ ಮುಂದೆ ಹೋಯಿತು. ಒಬ್ಬರ ಮುಖಕ್ಕೂ ಅದು ತಾಗಲಿಲ್ಲ. ಬಟಾಣಿ ಸಿನಿಮಾ ಬಿಟ್ಟು ಆ ಬೆಳಕನ್ನೇ ನೋಡುತ್ತ ನಡೆದಳು.

"ಇಷ್ಟು ಹೊತ್ತು ಚಿಕ್ಕಮ್ಮನ ಪಕ್ಕ ಕೂತಿದ್ದೆಯಾ?" ಎಂದಳು ಅಮ್ಮ.

"ನಿನ್ನ ಹತ್ರ ಇದ್ದಾಳೆ ಅಂದ್ಕೊಂಡಿದ್ದೆ ಅಕ್ಕಾ," ಎಂದಳು ಸಾಲಿನ ಆ ತುದಿಯಿಂದ ಚಿಕ್ಕಮ್ಮ. ಅಷ್ಟರಲ್ಲಿ ಮತ್ತೊಂದು ಜೋಕು ಬಂತು, ಇಬ್ಬರೂ ಪರದೆಗೆ ತಿರುಗಿದರು.

ದೊಡ್ಡಪ್ಪ ಮಾತ್ರ ಅವಳ ಕಡೆ ಬಾಗಿದರು. "ಸಾರಿ ಕಣೇ ಬಟಾಣಿ. ಎಷ್ಟು ತಡೆದ್ರೂ ಬಂದ್ಬಿಡ್ತು. ಇನ್ನು ನಗಲ್ಲ."

ಬಟಾಣಿ ಅವರ ಪಕ್ಕದಲ್ಲೇ ಕೂತಳು. ಹಾಲ್ ಮತ್ತೆ ನಕ್ಕಾಗ ಅವಳು ನಗಲಿಲ್ಲ. ಎಲ್ಲರೂ ಮುಗಿಸಲಿ ಎಂದು ಕಾದಳು. ಆಮೇಲೆ ಒಬ್ಬಳೇ ಜೋರಾಗಿ ನಕ್ಕಳು. ಮುಂದಿನ ಸಾಲಿನ ತಲೆಗಳು ತಿರುಗಿದವು. ದೊಡ್ಡಪ್ಪ ಬೆರಗಾಗಿ ಅವಳನ್ನು ನೋಡಿದರು, ಆಮೇಲೆ ತಾವೂ ಶುರು ಮಾಡಿದರು.

ಬಾಗಿಲಾಚೆ ಅವರ ನಗುವಿಗಾಗಿ ಕಾದು ನಿಂತಿದ್ದನ್ನು ಅವಳು ದೊಡ್ಡಪ್ಪನಿಗೆ ಎಂದೂ ಹೇಳಲಿಲ್ಲ.