ಪೀಚ್ ಡಬ್ಬಿಗಳೂ ಮೊದಲ ನಗುವೂ

“ಶರ್ಲೀನ್, ಮಗು ಹತ್ರ ಬರ್ಬೇಡ ಕಣೇ,” ಎಂದು ಡ್ವೇನ್ ತನ್ನ ಕುದುರೆಯನ್ನು ತಂಗಿಯ ಕುದುರೆಗೆ ಅಡ್ಡ ನಿಲ್ಲಿಸಿದ. “ನಿನ್ನ ನೋಡಿ ನಕ್ಕುಬಿಟ್ರೆ ಏನು ಗತಿ?”

ಮುಂದಿನ ಕುದುರೆಯ ಮೇಲೆ ಅತ್ತೆಯ ಮಡಿಲಲ್ಲಿದ್ದ ಅವರ ಮಗು ಹುಟ್ಟಿದಂದಿನಿಂದ ಒಮ್ಮೆಯೂ ಬಾಯಿಬಿಟ್ಟು ನಕ್ಕಿರಲಿಲ್ಲ. ಮೊದಲು ನಗಿಸಿದವರ ಗುಣವೇ ಮಗುವಿಗೆ ಬರುತ್ತದೆ ಎಂಬುದು ಅವರ ಜನರ ನಂಬಿಕೆ; ನಗಿಸಿದವರೇ ಮಗುವಿನ ಹೆಸರಲ್ಲಿ ಎಲ್ಲರಿಗೂ ಉಪ್ಪು ಕೊಟ್ಟು ಊಟ ಹಾಕಬೇಕು. ಶರ್ಲೀನಳೋ ಬಬಲ್ ಗಮ್ ಅನ್ನೂ ಬಾಗಿಲು ಹಾಕಿಕೊಂಡು ತಿನ್ನುವ ಪೈಕಿ.

“ಇವನೂ ನಿನ್ ಥರ ಜಿಪುಣ ಆದ್ರೆ, ನಾಳೆ ಅತ್ತೆ ಮನೇಲಿ ನಮಗೆ ಕಾಫಿನೂ ಸಿಗಲ್ಲ.”

ಶರ್ಲೀನಳಿಗೆ ಮಗುವೆಂದರೆ ಪ್ರಾಣ. ತನ್ನಿಂದ ಅದಕ್ಕೆ ಕೆಟ್ಟದ್ದಾಗುವುದು ಬೇಡವೆಂದು ಮುಖ ಊದಿಸಿಕೊಂಡು ಎಲ್ಲರ ಹಿಂದೆ ಉಳಿದಳು.

ಕಣಿವೆಯ ಆಳದಲ್ಲಿದ್ದ ಅಜ್ಜಿಯ ಹೊಲಕ್ಕೆ ಹೊರಟು ಇದು ಎರಡನೇ ದಿನ. ಅಲ್ಲಿಗೆ ಕುದುರೆಯ ಮೇಲೇ ಹೋಗಬೇಕು. ಎರಡೂ ಕಡೆ ಕೆಂಪು ಬಂಡೆಗಳು. ಡ್ವೇನ್ ಕೂ ಎಂದರೆ ಬಂಡೆಗಳೂ ಕೂ ಎನ್ನುತ್ತಿದ್ದವು. ಬೇರೆ ದಿನವಾಗಿದ್ದರೆ ಶರ್ಲೀನಳೂ ಗಂಟಲು ಹರಿಯುವಂತೆ ಕೂಗುತ್ತಿದ್ದಳು.

ಅವಳ ಮುಂದೆ ಸಾಮಾನು ಹೊತ್ತ ಬೂದು ಕುದುರೆ ನಡೆಯುತ್ತಿತ್ತು. ಬೆಳಿಗ್ಗೆ ವಿಲ್ಬರ್ಟ್ ಮಾವ ಎರಡೂ ಪೆಟ್ಟಿಗೆಗಳನ್ನು ಎತ್ತಿ ನೋಡಿ ತೂಕ ಸಮ ಮಾಡಿದ್ದರು. ಆಮೇಲೆ ಶರ್ಲೀನ್ ಅಣ್ಣನ ಕಣ್ಣು ತಪ್ಪಿಸಿ ತನ್ನ ಪೀಚ್ ಹಣ್ಣಿನ ಡಬ್ಬಿಗಳನ್ನೆಲ್ಲ ಎಡಗಡೆಯ ಪೆಟ್ಟಿಗೆಗೆ ತುರುಕಿದ್ದಳು.

ಹಳ್ಳ ದಾಟಿ ದಡ ಹತ್ತುವಾಗ ಹೊರೆ ಎಡಕ್ಕೆ ಜಾರಿತು. ಕುದುರೆ ಬೆದರಿ ಹಾರಿತು. ಪೆಟ್ಟಿಗೆ ತೆರೆದುಕೊಂಡು ಡಬ್ಬಿಗಳು ಗಡಗಡ ಉರುಳಿದವು.

“ಅಯ್ಯೋ, ನನ್ನ ಪೀಚು!”

ಶರ್ಲೀನ್ ಕೆಳಗಿಳಿದು ಓಡಿದಳು. ಹೊರೆಯಿಂದ ಹಾರಿದ ಮೈದಾ ಹಿಟ್ಟಿನ ಚೀಲ ನೆಟ್ಟಗೆ ಅವಳ ತಲೆಯ ಮೇಲೇ ಬಿದ್ದು ಒಡೆಯಿತು. ಮುಖವೆಲ್ಲ ಬಿಳಿಯಾಗಿ ಅವಳು ಜೋರಾಗಿ ಸೀನಿದಳು.

ಕಿಲಕಿಲ ಎಂದು ಯಾರೋ ನಕ್ಕರು.

“ನಕ್ಕ,” ಎಂದರು ಅತ್ತೆ ಮೆಲ್ಲಗೆ.

“ಕೆಟ್ವಿ,” ಎಂದ ಡ್ವೇನ್.

ಶರ್ಲೀನಳಿಗೆ ಅಳು ಬಂತು. “ನಾನು ಬೇಕೂಂತ ನಗಿಸ್ಲಿಲ್ಲ ಅತ್ತೆ.”

ಮಾವ ಕುದುರೆಯ ಬೆನ್ನು ಸವರಿ ನೋಡಿದರು. “ಸದ್ಯ, ಗಾಯ ಆಗಿಲ್ಲ.” ಒಂದು ಡಬ್ಬಿಯನ್ನು ಎತ್ತಿ ಹಿಡಿದರು. “ಎರಡೂ ಕಡೆ ಹಂಚಿದ್ರೆ ಬೀಳ್ತಿರ್ಲಿಲ್ಲ ಮರಿ. ಈಗ ಊಟ ಯಾರು ಹಾಕ್ತಾರೆ?”

ಶರ್ಲೀನ್ ಮಗುವನ್ನು ನೋಡಿದಳು. ಅದೂ ಅವಳನ್ನೇ ನೋಡುತ್ತಿತ್ತು.

“ನಾನೇ,” ಎಂದು ಅವಳು ಮೂಗು ಒರೆಸಿಕೊಂಡಳು. “ಡಬ್ಬಿ ಓಪನ್ ಮಾಡ್ಕೊಡಿ ಮಾವ. ಎಲ್ಲಾನೂ.”

ಮರದ ನೆರಳಲ್ಲಿ ಕುಳಿತರು. ಇದಕ್ಕೆಂದೇ ಅತ್ತೆ ಇಟ್ಟುಕೊಂಡಿದ್ದ ಉಪ್ಪಿನ ಹರಳುಗಳನ್ನು, ಶರ್ಲೀನ್ ಮಗುವಿನ ಕೈ ಹಿಡಿದು ಒಬ್ಬೊಬ್ಬರ ಅಂಗೈಗೂ ಹಾಕಿಸಿದಳು. ಆಮೇಲೆ ಪೀಚು. ಅತ್ತೆಗೆ, ಮಾವನಿಗೆ, ಅಣ್ಣನಿಗೆ ಎರಡು ಸಲ. ಬೂದು ಕುದುರೆಗೂ ಒಂದು ಹೋಳು.

“ಇನ್ನೊಂದ್ ಹಾಕ್ಕೊಳ್ಳೋ ಅಣ್ಣ. ನಾಚ್ಕೋಬೇಡ.”

ಡ್ವೇನ್ ಬಾಯಿ ತುಂಬ ತುಂಬಿಕೊಂಡು ಕೇಳಿದ, “ನಿಂಗೆ?”

ಶರ್ಲೀನ್ ಡಬ್ಬಿಗಳೊಳಗೆ ಇಣುಕಿದಳು. ಎಲ್ಲ ಖಾಲಿ. ತನಗೆಂದು ಒಂದು ಹೋಳು ಎತ್ತಿಡುವುದು ಅವಳಿಗೆ ಮರೆತೇಹೋಗಿತ್ತು.

ಮಗು ಅವಳ ಬಿಳಿ ಮುಖ ನೋಡಿ ಮತ್ತೆ ನಕ್ಕಿತು. ಈ ಸಲ ಶರ್ಲೀನಳಿಗೆ ಅಳು ಬರಲಿಲ್ಲ.